ಎಂಟು ಅಂದರೆ ಎಷ್ಟಕ್ಕೆ ಎಂಟು?

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ, ತೀರ್ಥಹಳ್ಳಿ ಕಡೆ. ಹೋಳಿಗೆ ಊಟ ಮುಗಿಸಿ ಜಗಲಿಯಲ್ಲಿ ಕಾಲು ಚಾಚುವಷ್ಟರಲ್ಲಿ ಅಕ್ಕನ ಮಗಳು ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. ಇಂಜಿನಿಯರಿಂಗ್ ಮುಗಿಸಿ ಒಂದು ವರ್ಷ ಕೆಲಸ ಮಾಡಿದ್ದಾಳೆ. ಈಗ ಮಾಸ್ಟರ್ಸ್ ಮಾಡುವ ಆಸೆ. ಪರದೆಯ ಮೇಲೆ ಮೂರು ಫಾರ್ಮ್ ತೆರೆದಿದ್ದವು. ಒಂದು ಜರ್ಮನಿಯದು, ಒಂದು ಅಮೆರಿಕದ್ದು, ಇನ್ನೊಂದು ಬೆಂಗಳೂರಿನ ಒಂದು ಕಂಪನಿಯದು. ಎಲ್ಲೂ ಸಿಗದಿದ್ದರೆ ಕೆಲಸವಾದರೂ ಬದಲಾಯಿಸೋಣ ಅಂತ.

ಮೂರೂ ಕೇಳುತ್ತಿದ್ದದ್ದು ಒಂದೇ: ನೀನು ಹೇಗೆ ಓದಿದ್ದೀಯ? ಆದರೆ ಒಬ್ಬರಿಗೆ ಉತ್ತರ 1ರಿಂದ 5ರ ಒಳಗೆ ಬೇಕು. ಇನ್ನೊಬ್ಬರಿಗೆ 4ರ ಒಳಗೆ. ಕಂಪನಿಯವರಿಗೆ ಪರ್ಸೆಂಟೇಜ್ ಬೇಕು. ಅವಳ ಕೈಯಲ್ಲಿ ಇದ್ದದ್ದು ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮಾರ್ಕ್ಸ್ ಕಾರ್ಡ್. ಅದರಲ್ಲಿದ್ದದ್ದು ಸಿಜಿಪಿಎ, ಅಂದರೆ ಎಲ್ಲ ಸೆಮಿಸ್ಟರ್ ಸೇರಿಸಿದ ಗ್ರೇಡ್ ಪಾಯಿಂಟ್ ಸರಾಸರಿ: 8.00.

"ಮಾವ, 8ನ್ನ 10ರಿಂದ ಭಾಗಿಸಿ 4ರಿಂದ ಗುಣಿಸಿದರೆ 3.2 ಬರುತ್ತೆ. ಅಮೆರಿಕದ್ದಕ್ಕೆ ಅದನ್ನೇ ಹಾಕಿಬಿಡ್ಲಾ?"

ಪಕ್ಕದಲ್ಲಿ ಅಡಿಕೆ ಕತ್ತರಿಸುತ್ತಿದ್ದ ನನ್ನ ಅಮ್ಮ, ಅಂದರೆ ಅವಳ ಅಜ್ಜಿ, ತಲೆ ಎತ್ತಿ ಕೇಳಿದರು: "ಎಂಟು ಅಂದ್ರೆ ಎಷ್ಟಕ್ಕೆ ಎಂಟು? ಪಾಸಾಗಿದೆ ತಾನೆ?"

ಮೊಮ್ಮಗಳು ನಕ್ಕಳು. ನನಗೆ ಮಾತ್ರ ಅಮ್ಮನ ಪ್ರಶ್ನೆಯೇ ಸರಿ ಅನ್ನಿಸಿತು. ಎಷ್ಟಕ್ಕೆ, ಮತ್ತು ಪಾಸ್ ಎಲ್ಲಿಂದ ಶುರು. 3.2 ಬೇಡ, ಇರು ಅಂದೆ ಅವಳಿಗೆ. ಜಿಪಿಎ ವಿಷಯದಲ್ಲಿ ಎಡವಿದವರೆಲ್ಲ ಈ ಎರಡನ್ನು ಕೇಳದೆ ಗುಣಾಕಾರ ಶುರು ಮಾಡಿದವರೇ.

ಮಾರ್ಕ್ಸ್ ಬೇರೆ, ಪಾಯಿಂಟ್ ಬೇರೆ

ನಮ್ಮ ಕಾಲದವರಿಗೆ ಮಾರ್ಕ್ಸ್ ಅಂದರೆ ತೂಕ ಇದ್ದ ಹಾಗೆ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 500 ಬಂದರೆ ನೂರಕ್ಕೆ 80. ತಕ್ಕಡಿಯಲ್ಲಿ ಹಾಕಿ ತೂಗಿದಂತೆ ನೇರ ಲೆಕ್ಕ.

ಗ್ರೇಡ್ ಪಾಯಿಂಟ್ ಹಾಗಲ್ಲ. ಅದು ಅಡಿಕೆ ಆರಿಸಿದ ಹಾಗೆ. ಮಂಡಿಗೆ ಹೋಗುವ ಮುಂಚೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ಮಾಡುತ್ತೇವೆ. ಒಮ್ಮೆ ರಾಶಿಯ ಚೀಲಕ್ಕೆ ಬಿದ್ದ ಮೇಲೆ ಎಲ್ಲ ಅಡಿಕೆಗೂ ರಾಶಿಯ ರೇಟೇ. ಅದರಲ್ಲೂ ಸ್ವಲ್ಪ ಚೆನ್ನಾಗಿದ್ದದ್ದು, ಸ್ವಲ್ಪ ಕಡಿಮೆ ಇದ್ದದ್ದು ಅಂತ ಯಾರೂ ಕೇಳುವುದಿಲ್ಲ. ಗ್ರೇಡ್ ಕೂಡ ಇಂಥದ್ದೇ ಒಂದು ಚೀಲ. ಅಕ್ಕನ ಮಗಳು ಓದಿದ ಸ್ಕೀಮ್‌ನಲ್ಲಿ, ಅಂದರೆ ಪಠ್ಯಕ್ರಮದ ನಿಯಮದಲ್ಲಿ, 90ರಿಂದ 100 ಬಂದವರಿಗೆಲ್ಲ 10 ಪಾಯಿಂಟ್. 80ರಿಂದ 89ಕ್ಕೆ 9. 70ರಿಂದ 79ಕ್ಕೆ 8. 60ರಿಂದ 69ಕ್ಕೆ 7. 50ರಿಂದ 59ಕ್ಕೆ 6. ಅಲ್ಲಿಂದ ಕೆಳಗೆ ಚೀಲ ಚಿಕ್ಕದಾಗುತ್ತದೆ: 45ರಿಂದ 49ಕ್ಕೆ 5, 40ರಿಂದ 44ಕ್ಕೆ 4. ನಲವತ್ತರ ಕೆಳಗೆ ನೇರ ಸೊನ್ನೆ. ಗಮನಿಸಿ, 1, 2, 3 ಅನ್ನುವ ಪಾಯಿಂಟ್‌ಗಳೇ ಇಲ್ಲ. ನಾಲ್ಕರಿಂದ ಸೀದಾ ಸೊನ್ನೆಗೆ ಜಿಗಿತ. ಇದು ಮುಂದೆ ಬೇಕಾಗುತ್ತದೆ.

ಈಗ ಒಂದು ಸೆಮಿಸ್ಟರ್ ಲೆಕ್ಕ ಮಾಡಿ ನೋಡೋಣ. ಅಂಕಿ ನಾನೇ ಹಾಕಿಕೊಂಡದ್ದು. ಗಣಿತ, 4 ಕ್ರೆಡಿಟ್, ಬಂದದ್ದು 79. ಡೇಟಾ ಸ್ಟ್ರಕ್ಚರ್ಸ್, 4 ಕ್ರೆಡಿಟ್, 80. ಎಲೆಕ್ಟ್ರಾನಿಕ್ಸ್, 3 ಕ್ರೆಡಿಟ್, 61. ಕಂಪ್ಯೂಟರ್ ಆರ್ಗನೈಸೇಷನ್, 3 ಕ್ರೆಡಿಟ್, ಸರಿಯಾಗಿ 70. ಲ್ಯಾಬ್, 2 ಕ್ರೆಡಿಟ್, 93. ಕನ್ನಡ, 1 ಕ್ರೆಡಿಟ್, 98.

ಕ್ರೆಡಿಟ್ ಅಂದರೆ ಆ ವಿಷಯದ ಭಾರ. ವಾರಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಲ್ಯಾಬ್ ಅನ್ನುವುದರ ಮೇಲೆ ನಿಂತದ್ದು. ಪ್ರತಿ ವಿಷಯದ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ ಗುಣಿಸಬೇಕು. ಗಣಿತಕ್ಕೆ 8 ಪಾಯಿಂಟ್, ನಾಲ್ಕರಿಂದ ಗುಣಿಸಿದರೆ 32. ಡೇಟಾ ಸ್ಟ್ರಕ್ಚರ್ಸ್‌ಗೆ 9, ಹಾಗಾಗಿ 36. ಎಲೆಕ್ಟ್ರಾನಿಕ್ಸ್ 21. ಆರ್ಗನೈಸೇಷನ್ 24. ಲ್ಯಾಬ್ 20. ಕನ್ನಡ 10. ಎಲ್ಲ ಕೂಡಿದರೆ 143. ಒಟ್ಟು ಕ್ರೆಡಿಟ್ 17. ಭಾಗಿಸಿದರೆ 8.41. ಇದೇ ಆ ಸೆಮಿಸ್ಟರಿನ ಎಸ್‌ಜಿಪಿಎ.

ಇದರಲ್ಲಿ ಎರಡು ಮೂರು ತಮಾಷೆ ಅಡಗಿವೆ. ಗಣಿತದ 79ಕ್ಕೂ ಆರ್ಗನೈಸೇಷನ್‌ನ 70ಕ್ಕೂ ಒಂದೇ ಪಾಯಿಂಟ್. ಒಂಬತ್ತು ಮಾರ್ಕ್ಸ್ ಗಾಳಿಗೆ ಹೋಯಿತು. ಆದರೆ 79ಕ್ಕೂ 80ಕ್ಕೂ ನಡುವೆ ಒಂದೇ ಮಾರ್ಕ್, ಅದು ಒಂದು ಇಡೀ ಪಾಯಿಂಟ್ ತಂದುಕೊಡುತ್ತದೆ. ಗಣಿತದಲ್ಲಿ ಇನ್ನೊಂದೇ ಒಂದು ಮಾರ್ಕ್ ಬಂದಿದ್ದರೆ ಎಸ್‌ಜಿಪಿಎ 8.65 ಆಗುತ್ತಿತ್ತು. ಮಕ್ಕಳು 79ಕ್ಕೆ, 69ಕ್ಕೆ ರೀವ್ಯಾಲ್ಯುಯೇಷನ್ ಹಾಕಲು ಓಡುವುದು ಸುಮ್ನೆ ಅಲ್ಲ. ಮೂರನೆಯದು, ಕನ್ನಡದಲ್ಲಿ 98 ಬಂದು ಕುಣಿದರೂ ಅದರ ಭಾರ 1 ಕ್ರೆಡಿಟ್ ಅಷ್ಟೇ. ನನಗೆ ಬೇಜಾರಿದೆ, ಆದರೆ ಲೆಕ್ಕ ಲೆಕ್ಕವೇ.

ಎಸ್‌ಜಿಪಿಎಯಿಂದ ಸಿಜಿಪಿಎಗೆ ಹೋಗುವಾಗಲೂ ಇದೇ ಭಾರದ ಮಾತು. ಎಂಟು ಸೆಮಿಸ್ಟರಿನ ಎಸ್‌ಜಿಪಿಎ ಕೂಡಿ ಎಂಟರಿಂದ ಭಾಗಿಸುವವರು ತುಂಬಾ ಜನ ಇದ್ದಾರೆ. ಅದು ತಪ್ಪು. 20 ಕ್ರೆಡಿಟ್ ಇರುವ ಒಂದು ಸೆಮಿಸ್ಟರಿನಲ್ಲಿ 7 ಬಂತು, ಪ್ರಾಜೆಕ್ಟ್ ಬಿಟ್ಟು ಬೇರೇನೂ ಇಲ್ಲದ 10 ಕ್ರೆಡಿಟ್‌ನ ಇನ್ನೊಂದು ಸೆಮಿಸ್ಟರಿನಲ್ಲಿ 10 ಬಂತು ಅಂದುಕೊಳ್ಳಿ. ಸುಮ್ಮನೆ ಸರಾಸರಿ ತೆಗೆದರೆ 8.5. ಕ್ರೆಡಿಟ್ ಸೇರಿಸಿ ತೆಗೆದರೆ 140 ಮತ್ತು 100 ಕೂಡಿ 240, ಮೂವತ್ತರಿಂದ ಭಾಗಿಸಿದರೆ 8. ಅರ್ಧ ಪಾಯಿಂಟ್ ವ್ಯತ್ಯಾಸ.

ಪರ್ಸೆಂಟೇಜ್ ಅನ್ನುವ ಹಳೇ ಚಟ

ಮೇಲಿನ ಸೆಮಿಸ್ಟರಿಗೇ ವಾಪಸ್ ಬರೋಣ. ಮಾರ್ಕ್ಸ್ ನಮ್ಮ ಕೈಯಲ್ಲೇ ಇವೆ, ಹಾಗಾಗಿ ನಿಜವಾದ ಪರ್ಸೆಂಟೇಜ್ ಎಷ್ಟು ಅಂತ ನೋಡಬಹುದು. ಕ್ರೆಡಿಟ್ ಭಾರ ಹಾಕಿ ತೆಗೆದರೆ 77.2. ಈಗ ಜನ ಮಾಡುವ ಲೆಕ್ಕಗಳನ್ನು ಪಕ್ಕದಲ್ಲಿಡಿ. 8.41ನ್ನು 10ರಿಂದ ಗುಣಿಸಿದರೆ 84.1. 9.5ರಿಂದ ಗುಣಿಸಿದರೆ 79.9. ವಿಟಿಯು 2018ರ ಸ್ಕೀಮ್‌ನ ಸೂತ್ರದಂತೆ ಮೊದಲು 0.75 ಕಳೆದು ಆಮೇಲೆ 10ರಿಂದ ಗುಣಿಸಿದರೆ 76.6. ನಿಜಕ್ಕೆ ಹತ್ತಿರ ಬಂದದ್ದು ಕೊನೆಯದು.

ಆ 0.75 ನೋಡಿ ಹುಡುಗರು ಬಯ್ಯುತ್ತಾರೆ. "ನಮ್ಮ ಏಳೂವರೆ ಪರ್ಸೆಂಟ್ ತಿಂದುಬಿಟ್ರು" ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ 8 ಪಾಯಿಂಟ್ ಅಂದರೆ ಏನು? 70ರಿಂದ 79. ಅದನ್ನು ಹತ್ತರಿಂದ ಗುಣಿಸಿದರೆ 80. ಆ ಚೀಲದಲ್ಲಿ ಇರಲು ಸಾಧ್ಯವೇ ಇಲ್ಲದ ಮಾರ್ಕ್ ಅದು! 80 ಬಂದಿದ್ದರೆ ಅವಳಿಗೆ 8 ಅಲ್ಲ, 9 ಸಿಗುತ್ತಿತ್ತು. ಹತ್ತರಿಂದ ಗುಣಿಸುವ ಲೆಕ್ಕ ಎಲ್ಲರಿಗೂ ಮೇಲಿನ ಚೀಲದ ರೇಟು ಕೊಟ್ಟುಬಿಡುತ್ತದೆ. ಚೀಲದ ನಡುಮಧ್ಯಕ್ಕೆ ಬರಬೇಕಾದರೆ ಅರ್ಧ ಪಾಯಿಂಟ್ ಕಳೆಯಬೇಕು. 0.75 ಅದಕ್ಕಿಂತ ಸ್ವಲ್ಪ ಬಿಗಿ, ಒಪ್ಪುತ್ತೇನೆ. ಆದರೆ ಕಳೆಯುವುದೇ ಅನ್ಯಾಯ ಅನ್ನುವ ಮಾತು ನಿಲ್ಲುವುದಿಲ್ಲ. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಕೊಟ್ಟಿರುವ ಪಟ್ಟಿಯೂ ಇದೇ ದಾರಿಯದು: 6.75ಕ್ಕೆ 60 ಪರ್ಸೆಂಟ್, 7.75ಕ್ಕೆ 70, 8.25ಕ್ಕೆ 75.

9.5 ಎಲ್ಲಿಂದ ಬಂತು? ಅದು ಸಿಬಿಎಸ್‌ಇಯದು. 2009-10ರಲ್ಲಿ ಹತ್ತನೇ ತರಗತಿಗೆ ಸಿಸಿಇ ಅನ್ನುವ ನಿರಂತರ ಮೌಲ್ಯಮಾಪನ ಪದ್ಧತಿ ತಂದಾಗ ಮಾರ್ಕ್ಸ್ ತೆಗೆದು ಗ್ರೇಡ್ ಕೊಟ್ಟರು. 91ರಿಂದ 100ರ ಚೀಲಕ್ಕೆ 10 ಪಾಯಿಂಟ್. ಆ ಚೀಲದಲ್ಲಿದ್ದವರ ಸರಾಸರಿ ಸುಮಾರು 95. ಹತ್ತರಿಂದ ಭಾಗಿಸಿದರೆ 9.5. ಅಷ್ಟೇ ಅದರ ಹುಟ್ಟು. ಆ ಪದ್ಧತಿ ನಿಂತು 2018ರ ಹತ್ತನೇ ತರಗತಿ ಪರೀಕ್ಷೆಗೆ ಮತ್ತೆ ಮಾರ್ಕ್ಸ್ ಬಂತು. 9.5 ಮಾತ್ರ ನಾಲಗೆಯಲ್ಲಿ ಉಳಿದುಬಿಟ್ಟಿತು. ಇಂಜಿನಿಯರಿಂಗ್, ಎಂಬಿಎ, ಡಿಪ್ಲೊಮಾ, ಎಲ್ಲದಕ್ಕೂ ಇಂಟರ್ನೆಟ್ಟಿನ ಕ್ಯಾಲ್ಕುಲೇಟರ್‌ಗಳು ಅದನ್ನೇ ಹೊಡೆಯುತ್ತವೆ. ಹತ್ತನೇ ಕ್ಲಾಸಿನ ಚೀಲದ ಅಳತೆಯನ್ನು ಇಂಜಿನಿಯರಿಂಗ್ ಚೀಲಕ್ಕೆ ಹಾಕಿದರೆ ಹೇಗೆ?

ನನ್ನ ಗೆಳೆಯನ ಮಗ ಇದರಲ್ಲಿ ಸಿಕ್ಕಿಬಿದ್ದಿದ್ದ. ಸಿಜಿಪಿಎ 8.5. ಕೆಲಸದ ಫಾರ್ಮ್‌ನಲ್ಲಿ 85 ಪರ್ಸೆಂಟ್ ಅಂತ ತುಂಬಿದ. ಸೇರುವ ಮುಂಚೆ ದಾಖಲೆ ಪರಿಶೀಲನೆಗೆ ಬಂದಾಗ ವಿಶ್ವವಿದ್ಯಾಲಯದ ಸೂತ್ರದಂತೆ 77.5 ಅಂತ ಗೊತ್ತಾಯಿತು. ಆ ಕೆಲಸಕ್ಕೆ ಬೇಕಿದ್ದದ್ದು ಬರೀ 60. ಅಂದರೆ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ, ಅವನು ಹೇಳಿದ್ದೂ ಸುಳ್ಳಲ್ಲ, ತಪ್ಪು ಗುಣಾಕಾರ. ಆದರೂ ಎರಡು ತಿಂಗಳು ಮೇಲ್ ಬರೆದೂ ಬರೆದೂ ಸುಸ್ತಾದ.

ಅದಕ್ಕಿಂತ ನೋವಿನ ಕತೆ ಕಟ್-ಆಫ್‌ನದು. "60 ಪರ್ಸೆಂಟ್ ಅಥವಾ 6.0 ಸಿಜಿಪಿಎ" ಅಂತ ಒಂದೇ ಉಸಿರಲ್ಲಿ ಬರೆದ ಜಾಹೀರಾತು ನೀವೂ ನೋಡಿರಬಹುದು. 0.75ರ ಸೂತ್ರದಲ್ಲಿ 6.0 ಅಂದರೆ 52.5 ಪರ್ಸೆಂಟ್. 60 ಆಗಬೇಕಾದರೆ 6.75 ಬೇಕು. 6.5 ಬಂದ ಹುಡುಗ ಒಂದು ಕಾಲಂನಲ್ಲಿ ಒಳಗೆ, ಪಕ್ಕದ ಕಾಲಂನಲ್ಲಿ ಹೊರಗೆ. ಫಾರ್ಮ್ ಮಾಡಿದವರಿಗೆ ಇದು ಹೊಳೆದೇ ಇಲ್ಲ. ಇಂಥ ಕಡೆ ಸಿಜಿಪಿಎ ಹಾಕುವ ಆಯ್ಕೆ ಇದ್ದರೆ ಸಿಜಿಪಿಎಯನ್ನೇ ಹಾಕಿ. ಪರ್ಸೆಂಟೇಜ್ ಕೇಳಿದರೆ ನಿಮ್ಮ ವಿಶ್ವವಿದ್ಯಾಲಯದ ಸೂತ್ರ ಹಾಕಿ. ಸೂತ್ರ ಸ್ಕೀಮ್‌ನಿಂದ ಸ್ಕೀಮ್‌ಗೆ ಬದಲಾಗುತ್ತದೆ, ಅಣ್ಣನದ್ದು ತಮ್ಮನಿಗೆ ಆಗಬೇಕೆಂದಿಲ್ಲ. ಮಾರ್ಕ್ಸ್ ಕಾರ್ಡಿನ ಹಿಂಬದಿ ನೋಡುವ ಅಭ್ಯಾಸ ನಮಗಿಲ್ಲ, ಅಲ್ಲೇ ಬಹಳಷ್ಟು ಇರುತ್ತದೆ.

ಒಂದೇ ಊರಿನ ಏಳು

ಇಷ್ಟು ಹೊತ್ತು ಹೇಳಿದ್ದು 10ರ ಅಳತೆ. ವಿಶ್ವವಿದ್ಯಾಲಯಗಳ ಧನಸಹಾಯ ಆಯೋಗ, ಅಂದರೆ ಯುಜಿಸಿ, ಕ್ರೆಡಿಟ್ ಪದ್ಧತಿ ತಂದಾಗ ದೇಶಕ್ಕೆಲ್ಲ ಸೂಚಿಸಿದ್ದು ಇದನ್ನೇ. ಓ ಗ್ರೇಡಿಗೆ 10, ಎ ಪ್ಲಸ್‌ಗೆ 9, ಎಗೆ 8, ಬಿ ಪ್ಲಸ್‌ಗೆ 7, ಬಿಗೆ 6, ಸಿಗೆ 5, ಪಾಸ್ ಅನ್ನುವ ಪಿಗೆ 4. ಆದರೆ ಎಲ್ಲರೂ ಇದೇ ದಾರಿಯಲ್ಲಿ ನಡೆದವರಲ್ಲ.

ಬೆಂಗಳೂರನ್ನೇ ತಗೊಳ್ಳಿ. ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಮ್ಮ ಹಿರಿಯರು ಕರೆಯುವ ಐಐಎಸ್‌ಸಿಯಲ್ಲಿ ಬಹಳ ಕಾಲ ಜಿಪಿಎ 8ಕ್ಕೆ ಇತ್ತು. ನಾಗರಭಾವಿಯ ಲಾ ಸ್ಕೂಲಿನ ಹಳೆಯ ವಿದ್ಯಾರ್ಥಿಗಳ ಜಿಪಿಎ 7ಕ್ಕೆ. ಬನ್ನೇರುಘಟ್ಟ ರಸ್ತೆಯ ಐಐಎಂನದು 4ಕ್ಕೆ. ಆ ಕಾಲದ ಒಬ್ಬೊಬ್ಬರನ್ನು ಕರೆದು ನಿಲ್ಲಿಸಿ, ಎಲ್ಲರ ಕೈಗೂ 7 ಅನ್ನುವ ಅಂಕಿ ಕೊಡಿ. ಲಾ ಸ್ಕೂಲಿನವರಿಗೆ 7 ಅಂದರೆ ಶಿಖರ, ಅದಕ್ಕಿಂತ ಮೇಲೆ ಏನೂ ಇಲ್ಲ. ಟಾಟಾ ಇನ್‌ಸ್ಟಿಟ್ಯೂಟಿನವರಿಗೆ ಶಿಖರಕ್ಕೆ ಒಂದೇ ಮೆಟ್ಟಿಲು. ವಿಟಿಯುನವರಿಗೆ ಫಸ್ಟ್ ಕ್ಲಾಸ್. ಐಐಎಂನವರಿಗೆ ಮುದ್ರಣ ದೋಷ. ಅಹಮದಾಬಾದಿನ ಐಐಎಂಗೆ ಹೋದರೆ ಗರಿಷ್ಠ 4.33, ಯಾಕೆಂದರೆ ಅಲ್ಲಿ ಎ ಪ್ಲಸ್‌ಗೆ ಎಗಿಂತ ಒಂಚೂರು ಜಾಸ್ತಿ ಕೊಡುತ್ತಾರೆ.

ಗರಿಷ್ಠ ಒಂದೇ ಇದ್ದರೂ ಮುಗಿಯಲಿಲ್ಲ. ಚೀಲ ತುಂಬುವ ರೀತಿ ಎರಡಿವೆ. ಒಂದು, ನಾನು ಮೇಲೆ ಹೇಳಿದ್ದು: 80 ಬಂದವರಿಗೆಲ್ಲ 9, ಕ್ಲಾಸಿನಲ್ಲಿ ಅರವತ್ತು ಜನಕ್ಕೂ 80 ಬಂದರೆ ಅರವತ್ತು ಜನಕ್ಕೂ 9. ಇನ್ನೊಂದು ರಿಲೇಟಿವ್ ಗ್ರೇಡಿಂಗ್. ಐಐಟಿಗಳಲ್ಲಿ, ಸುರತ್ಕಲ್‌ನ ಎನ್‌ಐಟಿಯಂಥ ಕಡೆ ಇದು ಸಾಮಾನ್ಯ. ಅಲ್ಲಿ ಕ್ಲಾಸು ಹೇಗೆ ಬರೆದಿದೆ ಅನ್ನುವುದನ್ನು ನೋಡಿ ಗೆರೆ ಎಳೆಯುತ್ತಾರೆ. ಪೇಪರ್ ಕಷ್ಟವಾಗಿ ಎಲ್ಲರೂ ಎಡವಿದರೆ ನೂರಕ್ಕೆ 58 ಬಂದವನಿಗೂ 10 ಸಿಗಬಹುದು. ಸುಲಭವಾಗಿದ್ದರೆ 85 ಬಂದವನಿಗೆ 8. ಹೀಗೆ ಬಂದ 8.5ನ್ನು ಪರ್ಸೆಂಟೇಜ್ ಮಾಡುವುದಕ್ಕೆ ಅರ್ಥವೇ ಇಲ್ಲ. ಅದು ಎಷ್ಟು ಬರೆದ ಅನ್ನುವುದನ್ನು ಹೇಳುತ್ತಿಲ್ಲ, ಗುಂಪಿನಲ್ಲಿ ಎಲ್ಲಿ ನಿಂತ ಅನ್ನುವುದನ್ನು ಹೇಳುತ್ತಿದೆ. ಆದರೂ ಫಾರ್ಮ್ ಕೇಳುತ್ತದೆ, ಸಂಸ್ಥೆಗಳು ಏನೋ ಒಂದು ಸೂತ್ರ ಬರೆದುಕೊಡುತ್ತವೆ, ಎಲ್ಲರೂ ಸುಮ್ಮನಿರುತ್ತಾರೆ.

ನಾಲ್ಕಕ್ಕೆ 4.6

ಈಗ ಅಮೆರಿಕ. ಅಲ್ಲಿನ ಲೆಕ್ಕ ಸರಳ: ಎಗೆ 4, ಬಿಗೆ 3, ಸಿಗೆ 2, ಡಿಗೆ 1, ಎಫ್‌ಗೆ ಸೊನ್ನೆ. ನಡುವೆ ಎ ಮೈನಸ್‌ಗೆ 3.7, ಬಿ ಪ್ಲಸ್‌ಗೆ 3.3, ಬಿ ಮೈನಸ್‌ಗೆ 2.7. ಕ್ರೆಡಿಟ್ ಭಾರ ನಮ್ಮಂತೆಯೇ. ಜನರನ್ನು ಚೀಲಗಳಿಗೆ ಹಾಕುವ ಅಭ್ಯಾಸ ಅಲ್ಲಿ ಹಳೆಯದು. 1785ರಲ್ಲಿ ಯೇಲ್ ಕಾಲೇಜಿನ ಅಧ್ಯಕ್ಷ ಎಜ್ರಾ ಸ್ಟೈಲ್ಸ್ 58 ವಿದ್ಯಾರ್ಥಿಗಳನ್ನು ನಾಲ್ಕು ದರ್ಜೆಯಾಗಿ ವಿಂಗಡಿಸಿ ತಮ್ಮ ಡೈರಿಯಲ್ಲಿ ಬರೆದಿಟ್ಟಿದ್ದರು. ಎ, ಬಿ, ಸಿ ಅಕ್ಷರಗಳು ಬಂದದ್ದು ಅದಕ್ಕೆ ನೂರು ವರ್ಷ ಆದ ಮೇಲೆ. ಮೌಂಟ್ ಹೋಲಿಯೋಕ್ ಕಾಲೇಜು 1897ರಲ್ಲಿ ಇವನ್ನು ಬಳಸಿತು. ಅಲ್ಲಿ ಎ ಬೇಕಾದರೆ 95 ಮುಟ್ಟಬೇಕಿತ್ತು.

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಚಿಕ್ಕಪ್ಪನ ಮಗ ಒಮ್ಮೆ ಫೋನ್ ಮಾಡಿ, ಹೈಸ್ಕೂಲಿನಲ್ಲಿರುವ ಮಗಳಿಗೆ 4.6 ಜಿಪಿಎ ಬಂತು ಅಂದ. "ನಾಲ್ಕಕ್ಕೆ ನಾಲ್ಕೂವರೆ ಮೇಲೆ ಹೇಗೋ?" ಅಂತ ಅಮ್ಮ ಕೇಳಿದ್ದರು. ಇದು ವೆಯ್ಟೆಡ್ ಜಿಪಿಎ. ಅಲ್ಲಿನ ಹೈಸ್ಕೂಲಿನಲ್ಲಿ ಎಪಿ ಅನ್ನುವ ಕಾಲೇಜು ಮಟ್ಟದ ಕೋರ್ಸುಗಳಿವೆ. ಅಂಥದ್ದರಲ್ಲಿ ಎ ಬಂದರೆ 4ರ ಬದಲು 5 ಕೊಡುವ ಶಾಲೆಗಳು ಬಹಳ. ಕಷ್ಟದ ವಿಷಯ ತಗೊಂಡವರಿಗೆ ನಷ್ಟ ಆಗಬಾರದು ಅಂತ. ಹಾಗಾಗಿ 4.6 ಬರುತ್ತದೆ, 5ಕ್ಕೆ ಹತ್ತಿರವೂ ಬರುತ್ತದೆ. ಅದೇ ಹುಡುಗಿಯ ಅನ್‌ವೆಯ್ಟೆಡ್ ಜಿಪಿಎ 3.9 ಇರಬಹುದು. ಕಾಲೇಜುಗಳು ಎರಡನ್ನೂ ನೋಡುತ್ತವೆ, ಕೆಲವು ತಮ್ಮದೇ ಲೆಕ್ಕ ಹಾಕಿಕೊಳ್ಳುತ್ತವೆ. ಇದರ ಜೊತೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯವನ್ನು ಬೆರೆಸಬೇಡಿ. ಅಲ್ಲಿ ಎಲ್ಲ ವಿಷಯದಲ್ಲೂ ಎ ಅಂದರೆ 5, ಬಿ ಅಂದರೆ 4. ಭಾರ ಗೀರ ಏನೂ ಇಲ್ಲ, ಅಳತೆಯೇ ಬೇರೆ.

ಹಾಗಾದರೆ ಅಕ್ಕನ ಮಗಳ 3.2 ಯಾಕೆ ಬೇಡ ಅಂದೆ? ಎರಡೂ ಏಣಿಯ ತುದಿ ನೋಡಿ. ಮೇಲ್ತುದಿ ಸರಿ, 10ಕ್ಕೆ 4. ಕೆಳಗೆ? ನಮ್ಮ ಪಾಸ್ 4. ಅವಳ ಸೂತ್ರ ಹಾಕಿದರೆ 1.6. ಅಮೆರಿಕದ ಪಾಸ್ ಡಿ, ಅಂದರೆ 1. ತುದಿಗಳೇ ಕೂಡುತ್ತಿಲ್ಲ. ತ್ರೈರಾಶಿ ಲೆಕ್ಕ ಸೊನ್ನೆಯಿಂದ ಅಳೆಯುತ್ತದೆ, ಆದರೆ ನಮ್ಮ ಏಣಿಗೆ ಸೊನ್ನೆಯಿಂದ ನಾಲ್ಕರವರೆಗೆ ಮೆಟ್ಟಿಲುಗಳೇ ಇಲ್ಲ ಅಂತ ಆಗಲೇ ನೋಡಿದೆವು.

ನಡುವಿನ ಮೆಟ್ಟಿಲುಗಳಲ್ಲಿ ಯಾರು ನಿಂತಿದ್ದಾರೆ ಅನ್ನುವುದೂ ಬೇರೆ. ಅಮೆರಿಕದಲ್ಲಿ ಬಿ ಅಂದರೆ ಸಾಧಾರಣ. ಮಾಸ್ಟರ್ಸ್ ಓದುವವರು 3ರ ಕೆಳಗೆ ಇಳಿದರೆ ಸಾಮಾನ್ಯವಾಗಿ ಎಚ್ಚರಿಕೆಯ ಪತ್ರ ಬರುತ್ತದೆ. ಹಾಗಾಗಿ 3.2 ಅಲ್ಲಿನ ಕಣ್ಣಿಗೆ ಪಾರಾದ ವಿದ್ಯಾರ್ಥಿ. ನಮ್ಮಲ್ಲಿ 8.00 ಅಂದರೆ ಒಳ್ಳೆಯ ವಿದ್ಯಾರ್ಥಿ. ಬೇರೆ ದೇಶದ ಮಾರ್ಕ್ಸ್ ಕಾರ್ಡ್ ತೂಗಿ ನೋಡುವ ಡಬ್ಲ್ಯುಇಎಸ್‌ನಂಥ ಮೌಲ್ಯಮಾಪನ ಸಂಸ್ಥೆಗಳು ಅದಕ್ಕೇ ಒಟ್ಟು ಸಿಜಿಪಿಎ ಹಿಡಿದು ಗುಣಿಸುವುದಿಲ್ಲ. ಒಂದೊಂದು ವಿಷಯವನ್ನೂ ಎತ್ತಿಕೊಂಡು, ಇದು ಅಮೆರಿಕದ ಯಾವ ಅಕ್ಷರಕ್ಕೆ ಸಮ ಅಂತ ನೋಡಿ, ಆಮೇಲೆ ಕ್ರೆಡಿಟ್ ಹಾಕಿ ಹೊಸದಾಗಿ ಜಿಪಿಎ ಕಟ್ಟುತ್ತವೆ. ಭಾರತದಲ್ಲಿ 60 ದಾಟಿದರೆ ಫಸ್ಟ್ ಕ್ಲಾಸ್ ಅನ್ನುವುದು ಅವರಿಗೆ ಗೊತ್ತು.

ಅಂದಹಾಗೆ, ಅಮೆರಿಕದ ಆ ಫಾರ್ಮನ್ನು ಪೂರ್ತಿ ಓದು ಅಂದೆ ಅವಳಿಗೆ. ಓದಿದಳು. ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು: ಬೇರೆ ದೇಶದ ಜಿಪಿಎಯನ್ನು ನೀವು ಪರಿವರ್ತಿಸಬೇಡಿ, ಇದ್ದ ಹಾಗೇ ಬರೆಯಿರಿ, ಪಕ್ಕದಲ್ಲಿ ಗರಿಷ್ಠ ಎಷ್ಟು ಅಂತ ಹಾಕಿ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಹೀಗೇ ಹೇಳುತ್ತವೆ.

ಇಳಿದಷ್ಟೂ ಮೇಲೆ

ಜರ್ಮನಿಯ ಫಾರ್ಮ್ ನೋಡಿ ಅವಳು ಇನ್ನೂ ಗಾಬರಿಯಾಗಿದ್ದಳು. ಅಲ್ಲಿ ಅಳತೆ ತಲೆಕೆಳಗು. 1.0 ಅತ್ಯುತ್ತಮ. 4.0 ಬಂದರೆ ಕಷ್ಟಪಟ್ಟು ಪಾಸು. 5.0 ಫೇಲು. ಅಮೆರಿಕದಲ್ಲಿ 4.0 ಬಂದವನು ಸಿಹಿ ಹಂಚುತ್ತಾನೆ, ಜರ್ಮನಿಯಲ್ಲಿ 4.0 ಬಂದವನು ನಿಟ್ಟುಸಿರು ಬಿಡುತ್ತಾನೆ.

ಆದರೆ ಪರಿವರ್ತನೆಯ ವಿಷಯದಲ್ಲಿ ಜರ್ಮನಿಯವರದ್ದು ನನಗೆ ಇಷ್ಟ. ಅವರು ಬಳಸುವುದು ಮಾಡಿಫೈಡ್ ಬವೇರಿಯನ್ ಸೂತ್ರ. ಗರಿಷ್ಠದಿಂದ ನಿಮ್ಮ ಅಂಕ ಕಳೆಯಿರಿ. ಗರಿಷ್ಠದಿಂದ ಪಾಸ್ ಅಂಕ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿ. ಅಷ್ಟೇ. ಮಾತಿನಲ್ಲಿ ಹೇಳುವುದಾದರೆ: ಶಿಖರದಿಂದ ಪಾಸಿನವರೆಗೆ ನಿಮ್ಮ ಏಣಿ ಎಷ್ಟು ಉದ್ದ, ಅದರಲ್ಲಿ ನೀವು ಶಿಖರದಿಂದ ಎಷ್ಟು ಕೆಳಗಿದ್ದೀರಿ? ಜರ್ಮನಿಯ ಏಣಿಯಲ್ಲೂ ಅಷ್ಟೇ ಪಾಲು ಇಳಿಸುತ್ತಾರೆ. ಅಮ್ಮ ಕೇಳಿದ ಎರಡು ಪ್ರಶ್ನೆಗಳೇ ಸೂತ್ರದ ಒಳಗಿವೆ, ಅಲ್ವಾ? ಎಷ್ಟಕ್ಕೆ, ಪಾಸ್ ಎಷ್ಟು.

ಲೆಕ್ಕ ಹಾಕಿದೆವು. ಗರಿಷ್ಠ 10, ಅವಳದು 8, ಪಾಸ್ 4. ಹತ್ತರಲ್ಲಿ ಎಂಟು ಹೋದರೆ 2. ಹತ್ತರಲ್ಲಿ ನಾಲ್ಕು ಹೋದರೆ 6. ಆರರಲ್ಲಿ ಎರಡು, ಅಂದರೆ ಮೂರನೇ ಒಂದು ಭಾಗ. ಮೂರರಿಂದ ಗುಣಿಸಿದರೆ 1, ಒಂದು ಕೂಡಿದರೆ 2.0. ಅವಳ ಮುಖ ಅರಳಿತು. ಆ ಕೋರ್ಸಿಗೆ ಕೇಳಿದ್ದು 2.5 ಅಥವಾ ಅದಕ್ಕಿಂತ ಒಳ್ಳೆಯದು.

ಇರು ಅಂದೆ. ಪಾಸ್ 4ರ ಬದಲು 5 ಅಂತ ಹಿಡಿದರೆ? ಎರಡನ್ನು ಐದರಿಂದ ಭಾಗಿಸಬೇಕು, 2.2 ಆಗುತ್ತದೆ. ಸಿಜಿಪಿಎ ಬಿಟ್ಟು ಪರ್ಸೆಂಟೇಜ್ ಹಿಡಿದರೆ? 0.75ರ ಸೂತ್ರದಲ್ಲಿ ಅವಳದು 72.5. ಗರಿಷ್ಠ 100, ಪಾಸ್ 40. 27.5ನ್ನು 60ರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿದರೆ 2.4 ಹತ್ತಿರ. ಒಂದೇ ಹುಡುಗಿ, ಒಂದೇ ಮಾರ್ಕ್ಸ್ ಕಾರ್ಡ್, ಅದೇ ಸೂತ್ರ. ಉತ್ತರ ಮಾತ್ರ 2.0, 2.2, 2.4. ಸೂತ್ರದ ತಪ್ಪಲ್ಲ, ಅದರ ಬಾಯಿಗೆ ಏನು ಹಾಕಿದೆವು ಅನ್ನುವುದರ ವ್ಯತ್ಯಾಸ.

ಅವಳ ಅದೃಷ್ಟಕ್ಕೆ ಮೂರೂ 2.5ರ ಒಳಗೇ ಇವೆ. ಆದರೆ ಸಿಜಿಪಿಎ 7.5 ಇರುವವರಿಗೆ? ಪಾಸ್ 4 ಹಿಡಿದರೆ 2.25. ಪರ್ಸೆಂಟೇಜ್ ದಾರಿಯಲ್ಲಿ 67.5, ಅಂದರೆ 2.6 ದಾಟುತ್ತದೆ. ಒಂದು ದಾರಿಯಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ. ಹಾಗಂತ ನಮಗೆ ಅನುಕೂಲವಾದ ಪಾಸ್ ಅಂಕ ಆರಿಸಿಕೊಳ್ಳುವ ಹಾಗಿಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಯಾವ ಅಳತೆ ಅಚ್ಚಾಗಿದೆಯೋ ಅದರಲ್ಲೇ ನಿಲ್ಲಬೇಕು, ಕನಿಷ್ಠ ಪಾಸ್ ಎಷ್ಟು ಅನ್ನುವುದಕ್ಕೆ ವಿಶ್ವವಿದ್ಯಾಲಯದ ಕಾಗದ ಇರಬೇಕು. ಅದಿಲ್ಲದೆ ಅರ್ಜಿ ಹಾಕಿದರೆ ಅವರೇ ಒಂದು ಅಂಕಿ ಹಿಡಿದು ಲೆಕ್ಕ ಹಾಕುತ್ತಾರೆ, ಅದು ನಿಮ್ಮ ಕಡೆಗೇ ಇರುತ್ತದೆ ಅಂತ ಏನಿಲ್ಲ.

ಬೇರೆ ದೇಶಗಳದು ಬೇಗ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಪದವಿಗೆ ಜಿಪಿಎಗಿಂತ ಕ್ಲಾಸ್ ಮುಖ್ಯ. 70 ದಾಟಿದರೆ ಫಸ್ಟ್, 60ರಿಂದ 69 ಅಪ್ಪರ್ ಸೆಕೆಂಡ್. ಅಲ್ಲಿ 68 ಬಂದ ಮಗನನ್ನು ಇಲ್ಲಿಂದ ಫೋನಿನಲ್ಲಿ ಬಯ್ಯಬೇಡಿ, ಅದು ಚೆನ್ನಾಗಿಯೇ ಇದೆ. ಫ್ರಾನ್ಸಿನಲ್ಲಿ 20ಕ್ಕೆ, ಪಾಸಿಗೆ 10, ಹದಿನಾರು ಬಂದರೆ ಹಬ್ಬ. ಆಸ್ಟ್ರೇಲಿಯಾದ ಹಲವು ಕಡೆ 7ಕ್ಕೆ, ಪಾಸ್ 4. ಕೆನಡಾದಲ್ಲಿ ಒಂದೊಂದು ವಿಶ್ವವಿದ್ಯಾಲಯದ್ದು ಒಂದೊಂದು: ಟೊರಾಂಟೊದಲ್ಲಿ 4, ಸೈಮನ್ ಫ್ರೇಸರ್‌ನಲ್ಲಿ 4.33, ಮೆಕ್‌ಮಾಸ್ಟರ್‌ನಲ್ಲಿ 12. ನನಗೆ ಎಲ್ಲಕ್ಕಿಂತ ಮಜಾ ಅನ್ನಿಸುವುದು ಡೆನ್ಮಾರ್ಕ್. 2007ರಿಂದ ಅಲ್ಲಿ ಇರುವುದು ಏಳೇ ಗ್ರೇಡ್: 12, 10, 7, 4, 02, 00 ಮತ್ತು ಮೈನಸ್ 3. ಹೌದು, ಸೊನ್ನೆಗಿಂತ ಕೆಳಗೂ ಒಂದು ಮೆಟ್ಟಿಲು. ಎರಡು ಬಂದರೆ ಪಾಸು. ಅಲ್ಲಿ ತ್ರೈರಾಶಿ ಹಾಕುವವರನ್ನು ನೋಡಬೇಕು ನಾನು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮೂರೂ ಫಾರ್ಮ್ ಒಂದು ಹದಕ್ಕೆ ಬಂದವು. ಅಮೆರಿಕದ್ದರಲ್ಲಿ 8.00, ಪಕ್ಕದ ಚೌಕದಲ್ಲಿ 10.00. ಕಂಪನಿಯದರಲ್ಲಿ 72.5, ಜೊತೆಗೆ ವಿಶ್ವವಿದ್ಯಾಲಯದ ಸೂತ್ರ ಇರುವ ಪುಟದ ಸ್ಕ್ಯಾನ್. ಜರ್ಮನಿಯದರಲ್ಲಿ ಅಂಕದ ಚೌಕ ಖಾಲಿ ಬಿಟ್ಟಳು, ಮೊದಲು ಕಾಲೇಜಿಗೆ ಹೋಗಿ ಪಾಸ್ ಅಂಕದ ಪತ್ರ ತರಬೇಕು.

ಅಮ್ಮ ಕತ್ತರಿಸಿದ ಅಡಿಕೆಯನ್ನು ಡಬ್ಬಕ್ಕೆ ತುಂಬುತ್ತಾ ಮತ್ತೆ ಕೇಳಿದರು. "ಅದೆಲ್ಲ ಇರಲಿ. ಇವಳಿಗೆ ಯಾವ ಕ್ಲಾಸು ಬಂದದ್ದು?"

ಅವಳ ಸ್ಕೀಮ್‌ನಲ್ಲಿ 6.75 ದಾಟಿದರೆ ಫಸ್ಟ್ ಕ್ಲಾಸ್, 7.75 ದಾಟಿದರೆ ಡಿಸ್ಟಿಂಕ್ಷನ್.

"ಡಿಸ್ಟಿಂಕ್ಷನ್ ಅಜ್ಜಿ."

"ಹಾಗನ್ನು ಮತ್ತೆ. ಆಗಿಂದ ಎಂಟು ಎಂಟು ಅಂತಿದ್ದೀ."